ಫೆಲೋಶಿಪ್ಪಿನ ಕಾಗದದಲ್ಲಿ ಬರೀದೇ ಇದ್ದ ಖರ್ಚು

ಹೋದ ಸಲ ಹುಚ್ಚೆಳ್ಳು ಚಟ್ನಿಪುಡಿ ಬಗ್ಗೆ ಬರೆದಿದ್ದೆ. ಈ ಸಲ ಬರೆಯೋದು ಅಡಿಗೆ ಮನೆ ವಿಚಾರ ಅಲ್ಲ, ಆದ್ರೆ ಅಡಿಗೆ ಮನೆಗೂ ಅದಕ್ಕೂ ಸಂಬಂಧ ಐತೆ. ಓದಿದ್ರೆ ನಿಮಗೇ ಗೊತ್ತಾಗುತ್ತೆ.

ಸ್ಕಾಲರ್‌ಶಿಪ್ ಅನ್ನೋ ಮಾತು ನಮ್ ಕಡೆ ಎಲ್ಲರಿಗೂ ಗೊತ್ತು. ಹೈಸ್ಕೂಲಿನಲ್ಲಿ ಅರ್ಜಿ ತುಂಬಿ, ಜಾತಿ-ಆದಾಯ ಸರ್ಟಿಫಿಕೇಟಿಗೆ ನಾಡಕಚೇರಿ ಸುತ್ತಿ, ಕೊನೆಗೆ ಮಕ್ಕಳ ಖಾತೆಗೆ ದುಡ್ಡು ಬಿದ್ರೆ ಅದು ಸ್ಕಾಲರ್‌ಶಿಪ್. ಫೆಲೋಶಿಪ್ ಅನ್ನೋ ಮಾತು ನಮ್ಮನೆಗೆ ಬಂದಿದ್ದು ತೀರಾ ತಡವಾಗಿ, ಮಗಳ ಜೊತೆ. ಓದೋ ಮಕ್ಕಳಿಗೆ ಫೀಸಿಗೆ ಅಂತ ಕೊಡೋದು ಅದಲ್ಲ. ಓದು ಮುಗಿಸಿ ಸಂಶೋಧನೆಗೆ ಇಳಿದೋರಿಗೆ, ಇಂಥಾ ಕಡೆ ಹೋಗಿ ಇಂಥಾ ಕೆಲಸ ಮಾಡು, ಅಲ್ಲೀವರೆಗೂ ನಿನ್ನ ಹೊಟ್ಟೆಪಾಡು ನಾವು ನೋಡ್ಕಂತೀವಿ ಅಂತ ಕೊಡೋ ದುಡ್ಡು. ನಾನು ಅರ್ಥ ಮಾಡ್ಕಂಡಿರೋದು ಇಷ್ಟು. ನಮ್ಮ ಬೀಗ್ತಿ ಮಾತ್ರ ಮೊದಲ ದಿನ ಕೇಳಿದ್ದು, "ಶಿಪ್ಪು ಅಂದ್ರೆ ಹಡಗಲ್ವಾ, ಹಡಗಲ್ಲಿ ಕಳಿಸ್ತಾರಾ?" ಅಂತ.

ನಮ್ಮನೆ ಕಥೆ ಒಂಚೂರು ಹೇಳ್ಬೇಕು. ನನ್ನ ತವರು ಹಿರಿಯೂರು ಸೀಮೆ. ಕೊಟ್ಟಿದ್ದು ಹೊಸದುರ್ಗ ತಾಲ್ಲೂಕಿಗೆ, ತೆಂಗಿನ ತೋಟದ ಮನೆಗೆ. ನಾನು ದುರ್ಗದಲ್ಲಿ ಪಿಯುಸಿ ಸೈನ್ಸ್ ಮುಗಿಸಿದ ವರ್ಷವೇ ಮದುವೆ ಆಯ್ತು. ಮಗಳು ಬಯೋಕೆಮಿಸ್ಟ್ರಿ ಓದಿ, ಬೆಂಗಳೂರಿನಲ್ಲಿ ಪಿಎಚ್‌ಡಿ ಮುಗಿಸಿ, ಈಗ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡ್ತಾಳೆ. ಅವಳನ್ನ ಕೊಟ್ಟಿರೋದು ಹೊಳಲ್ಕೆರೆ ಕಡೆ ಅಡಿಕೆ ತೋಟದೋರ ಮನೆಗೆ. ಅಳಿಯನಿಗೆ ಚಿತ್ರದುರ್ಗದಲ್ಲಿ ಕೆಲಸ. ಅವರಿಗೆ ಒಬ್ಬ ಮಗ. ಈ ಕಥೆ ನಡೆದಾಗ ಅವನಿಗೆ ಮೂರು ವರ್ಷ.

ಅವಳು ಹಿಡಿದಿರೋ ಕೆಲಸ ನಮ್ಮ ಜಿಲ್ಲೆಯ ನೀರಿನದ್ದು. ನಮ್ ಕಡೆ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ನೋಡಿರ್ತೀರಿ. ಎಷ್ಟು ಉಜ್ಜಿದರೂ ಹೋಗದ ಕಂದು ಗೀರು. ಬಂಡೆಯೊಳಗಿನ ಫ್ಲೋರೈಡು ಬೋರ್‌ವೆಲ್ ನೀರಲ್ಲಿ ಕರಗಿ ಬರುತ್ತೆ. ಕುಡಿಯೋ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಾರೆ. ಅದು ದಾಟಿದ ನೀರನ್ನ ಚಿಕ್ಕಂದಿನಿಂದ ಕುಡಿದ್ರೆ ಹಲ್ಲು ಹೋಗುತ್ತೆ, ಇನ್ನೂ ಜಾಸ್ತಿ ಇರೋ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಮೂಳೆಗೇ ಇಳಿಯುತ್ತೆ. ನೀರು ಕಾಯಿಸಿ ಕುಡಿದ್ರೆ ಸರಿಹೋಗುತ್ತೆ ಅಂತ ಎಷ್ಟೋ ಜನ ತಿಳ್ಕಂಡಿದ್ದಾರೆ. ಕಾಯಿಸಿದ್ರೆ ಕ್ರಿಮಿ ಸಾಯ್ತವೆ, ಫ್ಲೋರೈಡು ಸಾಯಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತೆ. ನನ್ನ ತವರಿನಲ್ಲಿ ಒಬ್ರು ದೊಡ್ಡಪ್ಪ ಇದ್ರು. ಐವತ್ತು ದಾಟೋದ್ರೊಳಗೆ ಅವರ ಬೆನ್ನು ಕಟ್ಟಿಗೆ ಥರ ಆಗಿತ್ತು, ಕುತ್ತಿಗೆ ತಿರುಗ್ತಿರಲಿಲ್ಲ. ಯಾರಾದ್ರೂ ಕರೆದ್ರೆ ಇಡೀ ಮೈ ತಿರುಗಿಸಿ ನೋಡೋರು. ವಾತ ಅಂತ ಎಣ್ಣೆ ತಿಕ್ಕಿದ್ದೇ ತಿಕ್ಕಿದ್ದು. ಮಗಳು ಚಿಕ್ಕವಳಿದ್ದಾಗ ಅವರ ಕೈ ಹಿಡಿದು ಜಗಲಿ ಇಳಿಸ್ತಿದ್ಲು.

ಮೂಳೆ ಒಳಗೆ ಈ ಫ್ಲೋರೈಡು ಏನು ಮಾಡುತ್ತೆ ಅಂತ ನೋಡೋಕೆ ಮೂಳೆಯನ್ನ ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನಲ್ಲಿ ಇಡಬೇಕಂತೆ. ಮಾಮೂಲು ಪದ್ಧತೀಲಿ ಮೊದಲು ಆಸಿಡ್ಡಿನಂಥದ್ರಲ್ಲಿ ನೆನೆಸಿ ಸುಣ್ಣದಂಶ ತೆಗೀತಾರೆ. ಆಗ ಮೂಳೆ ಮೆತ್ತಗಾಗಿ ಸೀಳೋಕೆ ಬರುತ್ತೆ. ಆದ್ರೆ ಫ್ಲೋರೈಡು ಕೂತಿರೋದೇ ಆ ಸುಣ್ಣದಂಶದ ಜೊತೆ. ಸುಣ್ಣ ತೆಗೆದ್ರೆ ನೋಡಬೇಕಾದ್ದೂ ಹೋಯ್ತು. ಹಂಗಾಗಿ ಸುಣ್ಣ ಇದ್ದಂಗೇ ಮೂಳೆಯನ್ನ ರಾಳದಂಥ ವಸ್ತುವಿನಲ್ಲಿ ಕೂರಿಸಿ, ಗಟ್ಟಿ ಅಲಗಿನ ಯಂತ್ರದಲ್ಲಿ ಸೀಳಬೇಕು. ಆ ಕೈಚಳಕ ಪುಸ್ತಕ ಓದಿ ಬರಲ್ಲ ಅಂತಾಳೆ. ಒಬ್ಬಟ್ಟು ತಟ್ಟೋದು ಫೋನಿನಲ್ಲಿ ನೋಡಿ ಬರುತ್ತಾ? ಪಕ್ಕದಲ್ಲಿ ಕೂತು ಕಲೀಬೇಕು. ಅದರಲ್ಲಿ ಪಳಗಿದ ಒಂದು ಲ್ಯಾಬು ಜರ್ಮನಿಯಲ್ಲಿತ್ತು. ಇವಳು ಅಲ್ಲಿಗೆ ಬರೆದ್ಲು, ಅವರು ಬಾ ಅಂದ್ರು. ನಮ್ಮ ದೇಶದ್ದೇ ಒಂದು ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ಲು. ಸಿಕ್ತು. ಆರು ತಿಂಗಳು.

ಕಾಗದ ಬಂದ ದಿನ ಅವಳು ಅದನ್ನ ನನಗೆ ಓದಿ ಹೇಳಿದ್ಲು. ನಾನೂ ಕನ್ನಡಕ ಹಾಕ್ಕಂಡು ಒಂದೊಂದೇ ಸಾಲು ಓದಿಕೊಂಡೆ. ಹೋಗಿ ಬರೋ ವಿಮಾನದ ಟಿಕೆಟ್ಟು, ಅಲ್ಲಿ ಇರೋಕೆ ತಿಂಗಳಿಗಿಷ್ಟು, ಆರೋಗ್ಯ ವಿಮೆ. ಮುಗಿದ ಮೇಲೆ ವಾಪಸ್ ಬಂದು ಇದೇ ಕೆಲಸದಲ್ಲಿ ಮುಂದುವರೀಬೇಕು, ಏನು ಕಲಿತೆ ಅಂತ ವರದಿ ಕೊಡಬೇಕು. ಎಲ್ಲಾ ಚೊಕ್ಕಟವಾಗಿತ್ತು. ಕೂಸಿನ ವಿಚಾರ ಅದರಲ್ಲಿ ಒಂದಕ್ಷರ ಇರಲಿಲ್ಲ. ಇರಬೇಕು ಅಂತಾನೂ ನಾನು ಹೇಳಲ್ಲ. ಆದ್ರೆ ಆ ಕಾಗದ ನಿಜ ಆಗಬೇಕಾದ್ರೆ ಮೂರು ವರ್ಷದ ಕೂಸಿಗೆ ಆರು ತಿಂಗಳು ಯಾರೋ ಅನ್ನ ಕಲಸಬೇಕು ತಾನೆ?

ಬೀಗ್ತಿ ನಮ್ಮನೆಗೆ ಬಂದ್ರು. ಒಳ್ಳೇ ಹೆಂಗಸು, ಮನಸ್ಸಿನಲ್ಲಿ ಇಟ್ಕಳ್ಳಲ್ಲ.

"ಅಕ್ಕಾರೆ, ನಾನು ಬ್ಯಾಡ ಅನ್ನಲ್ಲ. ಆದ್ರೆ ಕೂಸು ಬಿಟ್ಟು ತಾಯಿ ಸಮುದ್ರದಾಚೆ ಹೋಗೋದು ಎಲ್ಲಾದ್ರೂ ಐತಾ? ನಾಳೆ ಜನ ಏನಂತಾರೆ? ನಮ್ ಹುಡುಗ ಹೋಗಿದ್ರೆ ಬ್ಯಾರೆ ಮಾತು."

"ಅವರು ಹೋಗಿದ್ರೆ ಕೂಸು ಯಾರ ಹತ್ರ ಇರ್ತಿತ್ತು ಅಕ್ಕಾರೆ?"

"ತಾಯಿ ಹತ್ರ."

"ಈಗ ಇವಳು ಹೋದ್ರೆ ಅಪ್ಪನ ಹತ್ರ, ನಿಮ್ ಹತ್ರ, ನನ್ ಹತ್ರ. ಮೂರು ಜನ ಆಯ್ತಲ್ಲ."

ಅವರು ನಕ್ಕರು. ನಕ್ಕರೂ ಒಪ್ಪಲಿಲ್ಲ. "ಹೋದೋರು ವಾಪಸ್ ಬರ್ತಾರೆ ಅಂತ ಏನು ಗ್ಯಾರಂಟಿ? ಅಲ್ಲೇ ಕೆಲಸ ಕೊಡ್ತೀವಿ ಅಂದ್ರೆ?" ಅಂದ್ರು. ಅದು ಅವರ ನಿಜವಾದ ಭಯ. ಅದು ಸುಳ್ಳು ಭಯ ಅಂತ ನಾನೂ ಹೇಳೋಕಾಗಲಿಲ್ಲ.

ಆಮೇಲೆ ನಾನು ಮಗಳ ಹತ್ರ ಕೇಳಿ ಕೇಳಿ, ಅವಳು ತಂದುಕೊಟ್ಟ ಪುಸ್ತಕ ಓದಿ, ಹಿಂದೆ ಹಿಂಗೆ ಹೋದೋರ ಕಥೆ ಒಂದಷ್ಟು ತಿಳ್ಕಂಡೆ. ಬೀಗ್ತಿಗೂ ಹೇಳಿದೆ. ನಿಮಗೂ ಹೇಳ್ತೀನಿ.

ಮೊದಲನೇದು ಬೀಗ್ತಿ ಭಯವನ್ನೇ ನಿಜ ಮಾಡೋ ಕಥೆ. ಪಕ್ಕದ ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದೋರು ಯಲ್ಲಾಪ್ರಗಡ ಸುಬ್ಬರಾವ್. ಅಣ್ಣ ತಮ್ಮಂದಿರಲ್ಲಿ ಇಬ್ಬರು ಸ್ಪ್ರೂ ಅನ್ನೋ ಕರುಳಿನ ರೋಗದಲ್ಲಿ ತೀರಿಕೊಂಡ್ರು. ಇವರಿಗೂ ಅದು ಬಂದು ಹೆಂಗೋ ಉಳಿದ್ರು. 1923ರಲ್ಲಿ ಅಮೆರಿಕದ ಹಾರ್ವರ್ಡಿಗೆ ಹೋದ್ರು. ಹೋಗೋಕೆ ಕಾಕಿನಾಡದ ಒಂದು ಧರ್ಮಸಂಸ್ಥೆ ಒಂದಿಷ್ಟು ಕೊಟ್ಟಿತು, ಮಿಕ್ಕಿದ್ದು ಹೆಣ್ಣು ಕೊಟ್ಟ ಮಾವನ ದುಡ್ಡು. ಅಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದ್ರು. ಆಮೇಲೆ ಅವರು ಮಾಡಿದ ಕೆಲಸ ಒಂದೆರಡಲ್ಲ. ಫೋಲಿಕ್ ಆಸಿಡ್ ತಯಾರಿಸಿದ್ದು ಅವರು ನಡೆಸ್ತಿದ್ದ ತಂಡ. ಬಸುರಿ ಹೆಂಗಸರಿಗೆ ಆಶಾ ಕಾರ್ಯಕರ್ತೆಯರು ತಂದುಕೊಡೋ ಕಬ್ಬಿಣಾಂಶದ ಮಾತ್ರೆ ಐತಲ್ಲ, ಅದರಲ್ಲಿ ಈ ಫೋಲಿಕ್ ಆಸಿಡ್ಡೂ ಇರುತ್ತೆ. ಆನೆಕಾಲು ರೋಗದ ಡಿಇಸಿ ಮಾತ್ರೆ, ರಕ್ತದ ಕ್ಯಾನ್ಸರಿಗೆ ಇವತ್ತೂ ಕೊಡೋ ಮೆಥೊಟ್ರೆಕ್ಸೇಟ್, ಇವೂ ಅವರ ತಂಡದಿಂದಲೇ ಬಂದವು. ಅಷ್ಟೆಲ್ಲಾ ಮಾಡಿದ ಆ ಮನುಷ್ಯ 1948ರಲ್ಲಿ ಅಲ್ಲೇ ತೀರಿಕೊಂಡ್ರು. ಒಂದು ಸಲವೂ ವಾಪಸ್ ಬರಲಿಲ್ಲ. ಊರಲ್ಲಿ ಬಿಟ್ಟು ಹೋಗಿದ್ದ ಹೆಂಡತಿ ಗಂಡನ ಮುಖವನ್ನ ಮತ್ತೆ ನೋಡಲೇ ಇಲ್ಲ.

ನಾನು ಬಾಣಂತನದಲ್ಲಿ, ಮಗಳ ಬಸುರಿನಲ್ಲಿ, ಎಷ್ಟೊಂದು ಮಾತ್ರೆ ಎಣಿಸಿ ಇಟ್ಟಿದ್ದೀನಿ. ಆ ಮಾತ್ರೆಯ ಹಿಂದೆ ಇಪ್ಪತ್ತೈದು ವರ್ಷ ದಾರಿ ಕಾದ ಒಬ್ಬ ಹೆಂಗಸು ಇದ್ದಾಳೆ ಅಂತ ಗೊತ್ತಿರಲಿಲ್ಲ. ವಿಜ್ಞಾನದ ಪುಸ್ತಕದಲ್ಲಿ ಅವರ ಹೆಸರಿನ ಜೊತೆ ಹಾರ್ವರ್ಡ್ ಬರುತ್ತೆ, ಕಂಪನಿ ಹೆಸರು ಬರುತ್ತೆ. ಮಾವನ ದುಡ್ಡು, ಹೆಂಡತಿ ಕಾದ ವರ್ಷ ಯಾವ ಲೆಕ್ಕಕ್ಕೂ ಬರಲ್ಲ.

ಎರಡನೇದು ನಮ್ಮ ಮೈಸೂರು ಸಂಸ್ಥಾನದ್ದು. ಡಾಕ್ಟರ್ ಪಲ್ಪು ಅಂತ, ತಿರುವಾಂಕೂರಿನೋರು. ಈಳವ ಜಾತಿಯೋರು ಅನ್ನೋ ಕಾರಣಕ್ಕೆ ಅಲ್ಲಿನ ಸರ್ಕಾರ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಓಡ್ತಿದ್ರೆ ಇವರು ಪ್ಲೇಗಿನ ಕ್ಯಾಂಪಿನಲ್ಲಿ ನಿಂತು ಕೆಲಸ ಮಾಡಿದ್ರು. ಸಂಸ್ಥಾನವೇ ಅವರನ್ನ ಇಂಗ್ಲೆಂಡಿಗೆ ಕಳಿಸಿ, ಸಾರ್ವಜನಿಕ ಆರೋಗ್ಯದ ವಿದ್ಯೆ ಕಲಿಸಿ, ವಾಪಸ್ ಕರೆಸಿಕೊಂಡು ಕೆಲಸ ಕೊಟ್ಟಿತು. ಕಳಿಸಿದೋರೇ ಬಂದ ಮೇಲೆ ಜಾಗವನ್ನೂ ಇಟ್ಟಿದ್ರು. ಈ ಮಾತು ಮುಂದೆ ಬೇಕಾಗುತ್ತೆ, ನೆನಪಿಟ್ಕಳ್ಳಿ.

ಮೂರನೇದು ನನಗೆ ಬಹಳ ಹಿಡಿಸಿದ ಕಥೆ, ಕಮಲಾ ಸೊಹೊನಿ ಅವರದ್ದು. ಮದುವೆಗೆ ಮುಂಚೆ ಕಮಲಾ ಭಾಗವತ್. ಬಾಂಬೆಯಲ್ಲಿ ಬಿಎಸ್ಸಿ ಮಾಡಿ, 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದ್ರೆ ಈಗಿನ ಐಐಎಸ್‌ಸಿಗೆ, ಅರ್ಜಿ ಹಾಕಿದ್ರು. ಅಪ್ಪ, ಚಿಕ್ಕಪ್ಪ ಇಬ್ಬರೂ ಅಲ್ಲೇ ಓದಿದ ಕೆಮಿಸ್ಟ್ರಿಯೋರು. ನಿರ್ದೇಶಕರಾಗಿದ್ದೋರು ಸರ್ ಸಿ.ವಿ. ರಾಮನ್. ಹೆಂಗಸರನ್ನ ತಗಳಲ್ಲ ಅಂದ್ರು. ಈ ಹುಡುಗಿ ಬಿಡಲಿಲ್ಲ, ಕಾರಣ ಕೊಡಿ ಅಂತ ಪಟ್ಟು ಹಿಡಿದ್ಲು. ಕೊನೆಗೆ ಒಂದು ವರ್ಷ ಪರೀಕ್ಷೆಗೆ ಇಡ್ತೀವಿ, ಗುರುಗಳು ಹೇಳಿದ್ರೆ ರಾತ್ರಿ ಎಷ್ಟೊತ್ತಾದ್ರೂ ಕೆಲಸ ಮಾಡಬೇಕು, ಲ್ಯಾಬಿನ ವಾತಾವರಣ ಕೆಡಿಸಬಾರದು ಅನ್ನೋ ಷರತ್ತಿನ ಮೇಲೆ ತಗಂಡ್ರು. ಎಂ. ಶ್ರೀನಿವಾಸಯ್ಯ ಅನ್ನೋ ಗುರುಗಳ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದ್ರು. ನಾವು ದಿನಾ ಕುಕ್ಕರಿಗೆ ಹಾಕೋ ಬೇಳೆ ನೋಡಿ, ಅದೇ. ಅವರ ಕೆಲಸ ಕಂಡ ಮೇಲೆ ರಾಮನ್ ಅವರೇ ಹುಡುಗೀರಿಗೆ ಬಾಗಿಲು ತೆಗೆದ್ರು.

ಆಮೇಲೆ ಬಾಂಬೆ ವಿಶ್ವವಿದ್ಯಾಲಯದ ಫೆಲೋಶಿಪ್ ಸಿಕ್ಕಿ 1937ರಲ್ಲಿ ಕೇಂಬ್ರಿಜ್ಜಿಗೆ ಹೋದ್ರು. ಲ್ಯಾಬಿನಲ್ಲಿ ಜಾಗವೇ ಇರಲಿಲ್ಲವಂತೆ. ಡೆರೆಕ್ ರಿಕ್ಟರ್ ಅನ್ನೋ ವಿಜ್ಞಾನಿ, ಹಗಲು ನನ್ನ ಮೇಜು ನೀನು ತಗೊ, ನಾನು ರಾತ್ರಿ ಮಾಡ್ಕಂತೀನಿ ಅಂದ್ರಂತೆ. ಬೆಂಗಳೂರಿನಲ್ಲಿ ಹುಡುಗಿ ರಾತ್ರಿ ದುಡೀಬೇಕು ಅನ್ನೋ ಷರತ್ತು, ಅಲ್ಲಿ ಹುಡುಗಿಗೆ ಹಗಲು ಬಿಟ್ಟುಕೊಟ್ಟು ತಾನು ರಾತ್ರಿ ದುಡಿದ ಗಂಡಸು! ಓದಿ ನನಗೆ ನಗು ಬಂತು. ಆಲೂಗಡ್ಡೆ ಮೇಲೆ ಕೆಲಸ ಮಾಡ್ತಾ, ಗಿಡದ ಜೀವಕೋಶ ಉಸಿರಾಡೋಕೆ ಬೇಕಾದ ಸೈಟೋಕ್ರೋಮ್ ಸಿ ಅನ್ನೋ ವಸ್ತುವನ್ನ ಅವರು ಕಂಡುಹಿಡಿದ್ರು. ಹದಿನಾಲ್ಕೇ ತಿಂಗಳಲ್ಲಿ, ನಲವತ್ತು ಪುಟದ ಪ್ರಬಂಧ ಬರೆದು ಪಿಎಚ್‌ಡಿ ಪಡೆದ್ರು. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ನಮ್ಮ ದೇಶದ ಮೊದಲ ಹೆಂಗಸು ಅಂತ ಅವರನ್ನ ಹೇಳ್ತಾರೆ. 1939ರಲ್ಲಿ ವಾಪಸ್ ಬಂದ್ರು.

ಬಂದು ಮಾಡಿದ್ದೇನು ಅಂತೀರಾ? ಬೇಳೆ, ಅಕ್ಕಿ ಹಿಟ್ಟು, ನೀರಾ. ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಹೇಳಿದ್ರು ಅಂತ ತಾಳೆ ಜಾತಿ ಮರದ ನೀರಾದಲ್ಲಿ ಏನೇನು ಸತ್ವ ಐತೆ ಅಂತ ಪರೀಕ್ಷೆ ಮಾಡಿ, ಸರಿಯಾಗಿ ಊಟ ಇಲ್ಲದ ಮಕ್ಕಳಿಗೆ, ಬಸುರಿಯರಿಗೆ ಅದು ಒಳ್ಳೇದು ಅಂತ ತೋರಿಸಿದ್ರು. ನಮ್ಮ ಹೊಸದುರ್ಗದ ತೆಂಗಿನೋರು ಈಗ ನೀರಾ ನೀರಾ ಅಂತ ಮಾತಾಡ್ತಾರಲ್ಲ, ಹುಳಿ ಬರೋಕೆ ಮುಂಚೆ ಕುಡಿದ್ರೆ ಅದು ಹೆಂಡವಲ್ಲ, ಆಹಾರ ಅನ್ನೋ ಮಾತಿಗೆ ಲೆಕ್ಕ ಹಾಕಿ ಸಾಕ್ಷಿ ಕೊಟ್ಟೋರಲ್ಲಿ ಈಯಮ್ಮನೂ ಒಬ್ರು. ಇದನ್ನ ಹೇಳಿದಾಗ ನಮ್ಮನೆಯೋರು ಮೊದಲ ಸಲ ಕಿವಿ ಕೊಟ್ಟು ಕೇಳಿದ್ರು. ಕೇಂಬ್ರಿಜ್ಜಿಗೆ ಹೋಗಿ ಕಲಿತ ವಿದ್ಯೆ ಮರದ ಕೆಳಗಿನ ಮಡಕೆವರೆಗೂ ಬರುತ್ತೆ ಅಂತ ಅವರಿಗೆ ಆವತ್ತು ಅನ್ನಿಸಿರಬೇಕು.

ನಾಲ್ಕನೇದು ಹರಗೋವಿಂದ ಖೊರಾನ. ಪಂಜಾಬಿನ ರಾಯಪುರ ಅನ್ನೋ ಹಳ್ಳಿ, ನೂರು ಜನ ಇದ್ದ ಊರು. ಓದು ಬರಹ ಬರ್ತಿದ್ದ ಮನೆ ಅಂದ್ರೆ ಅಲ್ಲಿ ಇವರದ್ದೊಂದೇ. 1945ರಲ್ಲಿ ಭಾರತ ಸರ್ಕಾರದ ಫೆಲೋಶಿಪ್ ಸಿಕ್ಕಿ ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋಗಿ ಪಿಎಚ್‌ಡಿ ಮಾಡಿದ್ರು. ಆಮೇಲೆ ಒಂದು ವರ್ಷ ಸ್ವಿಟ್ಜರ್ಲೆಂಡಿನಲ್ಲಿ ಕಳೆದು 1949ರಲ್ಲಿ ದೇಶಕ್ಕೆ ವಾಪಸ್ ಬಂದ್ರು. ಸರಿಯಾದ ಕೆಲಸ ಸಿಗಲಿಲ್ಲ. ಮತ್ತೆ ಒಂದು ಫೆಲೋಶಿಪ್ ಹಿಡಿದು ಕೇಂಬ್ರಿಜ್ಜಿಗೆ ಹೋದೋರು, ಅಲ್ಲಿಂದ ಕೆನಡಾ, ಅಲ್ಲಿಂದ ಅಮೆರಿಕ. 1968ರಲ್ಲಿ ನೊಬೆಲ್ ಬಂತು. ಆಗ ನಮ್ಮೋರು ಅಂತ ಎಲ್ಲರೂ ಹೆಮ್ಮೆ ಪಟ್ರು. ಬಂದಾಗ ಒಂದು ಮೇಜು ಕೊಟ್ಟಿದ್ರೆ ಆ ಹೆಮ್ಮೆ ಇನ್ನೂ ಸಲೀಸಾಗಿ ಬರ್ತಿತ್ತು.

ಬೀಗ್ತಿ ಎಲ್ಲಾ ಕೇಳಿ, "ಹಂಗಾದ್ರೆ ವಾಪಸ್ ಬರೋದು ಹೋದೋರ ಮನಸ್ಸಿನ ಮೇಲಷ್ಟೇ ಇಲ್ಲ ಅನ್ನು" ಅಂದ್ರು. ಅವರ ಓದು ಏಳನೇ ಕ್ಲಾಸು. ನಾನು ಇಷ್ಟುದ್ದ ಹೇಳಿದ್ದನ್ನ ಒಂದು ಮಾತಲ್ಲಿ ಹೇಳಿದ್ರು.

ಈಗ ಇಂಥಾ ದಾರಿಗಳು ಜಾಸ್ತಿ ಆಗ್ಯಾವೆ. ನಿಮ್ಮನೆ ಮಕ್ಕಳಿಗೆ ಉಪಯೋಗ ಆಗಬಹುದು ಅಂತ ನನಗೆ ತಿಳಿದಷ್ಟು ಬರೀತೀನಿ. ದೆಹಲಿಯ ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಇಲ್ಲೇ ಕೆಲಸದಲ್ಲಿರೋ ಚಿಕ್ಕ ವಯಸ್ಸಿನ ವೈದ್ಯ ವಿಜ್ಞಾನಿಗಳನ್ನ ಕೆಲವು ತಿಂಗಳ ಮಟ್ಟಿಗೆ ಹೊರದೇಶದ ಲ್ಯಾಬಿಗೆ ಕಳಿಸೋ ಫೆಲೋಶಿಪ್ ನಡೆಸಿದೆ. ಅಮೆರಿಕಕ್ಕೆ ಹೋಗೋರಿಗೆ ಫುಲ್‌ಬ್ರೈಟ್-ನೆಹರೂ ಐತೆ. ಅದಕ್ಕೆ ಎರಡೂ ದೇಶ ಒಪ್ಪಂದ ಮಾಡ್ಕಂಡಿದ್ದು 1950ರಲ್ಲಿ. ಅದರಲ್ಲಿ ಹೋದೋರು ಮುಗಿಸಿ ಬಂದು ಎರಡು ವರ್ಷ ಸ್ವದೇಶದಲ್ಲಿ ಇರಬೇಕು ಅನ್ನೋ ನಿಯಮ ಐತೆ. ಖೊರಾನ ಹೆಸರಲ್ಲೇ ಓದೋ ಮಕ್ಕಳನ್ನ ಬೇಸಿಗೇಲಿ ಅಮೆರಿಕದ ಲ್ಯಾಬುಗಳಿಗೆ ಕಳಿಸೋ ಒಂದು ಯೋಜನೆಯೂ ನಡೆದು ಬಂತು. ಜೆ.ಎನ್. ಟಾಟಾ ಅವರು 1892ರಲ್ಲೇ ಶುರು ಮಾಡಿದ ನಿಧಿ ಒಂದೈತೆ. ಅದು ದಾನ ಅಲ್ಲ, ಸಾಲ. ಓದಿ, ದುಡಿದು, ತೀರಿಸಬೇಕು. ಅದರ ಮೊದಮೊದಲ ದುಡ್ಡಿನಲ್ಲಿ ವಿಲಾಯತಿಗೆ ಹೋದೋರಲ್ಲಿ ಹೆಣ್ಣು ಡಾಕ್ಟ್ರುಗಳೂ ಇದ್ರು. ಹಂಗಾಗಿ ಕಾಗದ ಬಂದಾಗ ಮೊದಲು ನೋಡಬೇಕಾದ್ದು, ಇದು ಕೊಟ್ಟು ಬಿಡೋ ದುಡ್ಡೋ, ತೀರಿಸಬೇಕಾದ ದುಡ್ಡೋ, ಇಲ್ಲಾ ಇಷ್ಟು ವರ್ಷ ಇಲ್ಲೇ ಕೆಲಸ ಮಾಡ್ತೀನಿ ಅಂತ ಬಾಂಡ್ ಬರೆದುಕೊಡಬೇಕೋ ಅನ್ನೋದು.

ಇನ್ನೊಂದು. ದುಡ್ಡು ಕೊಡ್ತೀವಿ ಅಂತ ಕಾಗದ ಬಂದ ದಿನವೇ ದುಡ್ಡು ಬರಲ್ಲ. ವೀಸಾ, ಚಳಿ ಬಟ್ಟೆ, ಅಲ್ಲಿ ರೂಮಿಗೆ ಮುಂಗಡ, ಇವೆಲ್ಲಾ ಮೊದಲು ಕೈಯಿಂದ ಹಾಕಬೇಕು. ನಮ್ಮ ಅಟ್ಟದ ಮೇಲೆ ಕಾಯಿ ಇನ್ನೂ ಕೊಬ್ಬರಿ ಆಗಿರಲಿಲ್ಲ. ಉಂಡೆ ಕೊಬ್ಬರಿ ಆಗೋಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ತಿಪಟೂರು ಮಾರ್ಕೆಟ್ಟಿಗೆ ಒಳ್ಳೇ ರೇಟಿನಲ್ಲಿ ಹಾಕಬಹುದಾಗಿದ್ದ ಮಾಲನ್ನ ಕಾಯಿಯಾಗಿಯೇ ಕೊಟ್ಟುಬಿಟ್ವಿ. ನಮ್ಮನೆಯೋರು ಲೆಕ್ಕದ ಪುಸ್ತಕದಲ್ಲಿ "ಮಗಳ ಪ್ರಯಾಣ" ಅಂತ ಬರೆದ್ರು, ನಷ್ಟ ಅಂತ ಬರೀಲಿಲ್ಲ.

ಏಪ್ರಿಲಿನಲ್ಲಿ ಅವಳು ಹೋದ್ಲು. ಕೂಸು ನಮ್ಮಲ್ಲಿ ನಾಲ್ಕು ದಿನ, ಹೊಳಲ್ಕೆರೆ ಕಡೆ ಮೂರು ದಿನ ಅಂತ ಮಾಡ್ಕಂಡ್ವಿ. ಅಳಿಯ ಶನಿವಾರ ಬಂದು ಭಾನುವಾರ ರಾತ್ರಿ ಹೋಗೋನು. ಮೊದಲ ತಿಂಗಳು ನನಗೆ ನಿದ್ದೆ ಇಲ್ಲ. ಕೂಸು ಹಗಲೆಲ್ಲಾ ಚೆನ್ನಾಗಿ ಆಡಿ, ದೀಪ ಹಚ್ಚೋ ಹೊತ್ತಿಗೆ ಬಾಗಿಲಲ್ಲಿ ಹೋಗಿ ನಿಲ್ಲೋನು. ಅಳ್ತಿರಲಿಲ್ಲ, ಸುಮ್ನೆ ನಿಲ್ಲೋನು. ಅತ್ತಿದ್ರೆ ಚೆನ್ನಾಗಿತ್ತು. ನಮಗೆ ರಾತ್ರಿ ಎಂಟು ಗಂಟೆ ಆದ್ರೆ ಅವಳಿಗೆ ಮಧ್ಯಾಹ್ನ ನಾಲ್ಕೂವರೆ. ಆ ಹೊತ್ತಿಗೆ ಅವಳು ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಫೋನ್ ಮಾಡೋಳು, ಇವನು ಫೋನಿನ ಮುಂದೆ ಕೂತು ಮುದ್ದೆ ನುಂಗೋನು. ಜುಲೈನಲ್ಲಿ ಜ್ವರ ಬಂತು, ಮೂರು ದಿನ ಬಿಡಲಿಲ್ಲ. ಅವಳಿಗೆ ಹೇಳೋದಾ ಬ್ಯಾಡ್ವಾ ಅಂತ ಬೀಗ್ತಿ ಕೇಳಿದ್ರು. ಹೇಳಲೇಬೇಕು ಅಂದೆ. ತಾಯಿಗೆ ಮುಚ್ಚಿಟ್ಟು ಸಾಕೋದು ಸಾಕೋದಲ್ಲ. ಅವಳು ಟಿಕೆಟ್ ನೋಡ್ತೀನಿ ಅಂದ್ಲು. ಬೀಗ್ತಿ ಫೋನ್ ಇಸ್ಕಂಡು, "ನಾನಿಲ್ವಾ? ನೀನು ಬಂದು ಮಾಡೋದು ನಾನು ಮಾಡ್ತಿದ್ದೀನಿ. ಹೋದ ಕೆಲಸ ಮುಗಿಸಿ ಬಾ" ಅಂದ್ರು. ಮನೆಗೆ ಬಂದು ಬ್ಯಾಡ ಅಂದ ಅದೇ ಹೆಂಗಸು. ನಾನು ಒಳಗೆ ಹೋಗಿ ಕಷಾಯಕ್ಕೆ ನೀರಿಟ್ಟೆ.

ಅವಳು ಬಂದ್ಲು. ಸೆಪ್ಟೆಂಬರ್ ಕೊನೆಗೆ, ಹೇಳಿದ ದಿನಕ್ಕೆ. ಕೂಸು ಎರಡು ದಿನ ಹತ್ತಿರ ಹೋಗಲಿಲ್ಲ, ಮೂರನೇ ದಿನ ಇಳೀಲಿಲ್ಲ.

ಆದ್ರೆ ಕಥೆ ಇಲ್ಲಿಗೆ ಮುಗೀಲಿಲ್ಲ. ಮೂಳೆ ಸೀಳೋ ವಿದ್ಯೆ ಕೈಗೆ ಬಂದೈತೆ, ಸೀಳೋ ಯಂತ್ರ ಅವಳ ಕಾಲೇಜಿನಲ್ಲಿಲ್ಲ. ಅದನ್ನ ತರಿಸೋ ಫೈಲು ಮೇಜಿಂದ ಮೇಜಿಗೆ ಹೋಗ್ತಾ ವರ್ಷ ಆಗ್ತಾ ಬಂತು. ತಿಂಗಳಿಗೆ ಎರಡು ಸಲ ಬೆಳಗಿನ ಜಾವ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ಬೇರೆಯೋರ ಲ್ಯಾಬಿನಲ್ಲಿ ಅವರು ಬಿಟ್ಟ ಹೊತ್ತಿನಲ್ಲಿ ಕೆಲಸ ಮಾಡಿ, ರಾತ್ರಿ ಬರ್ತಾಳೆ. ಜರ್ಮನಿಯೋರು, ಎರಡು ವರ್ಷಕ್ಕೆ ಬಾ, ಯಂತ್ರ ಇಲ್ಲೇ ಐತೆ ಅಂತ ಬರೆದಿದ್ದಾರೆ. ಅವಳು ಇನ್ನೂ ಉತ್ತರ ಬರೆದಿಲ್ಲ. ನಾನು ಕೇಳಿಲ್ಲ. ಹಿರಿಯೂರು ಕಡೆ ಹಳ್ಳಿಯ ನೀರು, ಅಲ್ಲಿನ ಜನ, ಅವರ ಮೂಳೆ ಎಲ್ಲಾ ಇಲ್ಲೈತೆ, ಅಲ್ಲಿ ಕೂತು ಏನು ಮಾಡಲಿ ಅಂತ ಒಂದು ದಿನ ಅವಳೇ ಅಂದ್ಲು. ಯಂತ್ರ ಇಲ್ಲದೆ ಇಲ್ಲಿ ಕೂತು ಏನು ಮಾಡಲಿ ಅಂತ ಇನ್ನೊಂದು ದಿನ ಅಂದ್ಲು. ಎರಡೂ ನಿಜ.

ಫೆಲೋಶಿಪ್ ಕೊಡೋರು ಮೂರರಲ್ಲಿ ಒಂದು ಪಾಲು ಕೊಡ್ತಾರೆ ಅಂತ ನನಗೆ ಈಗ ಅನ್ನಿಸುತ್ತೆ. ಅದು ಹೋಗಿ ಬರೋ ದುಡ್ಡು, ದೊಡ್ಡ ಪಾಲೇ, ಇಲ್ಲ ಅನ್ನಲ್ಲ. ಇನ್ನೊಂದು ಪಾಲು ಮನೆಯೋರದ್ದು. ಅದಕ್ಕೆ ರಸೀದಿ ಇಲ್ಲ. ಸುಬ್ಬರಾಯರ ಹೆಂಡತಿ ಕೊಟ್ಟಿದ್ದು ಅದೇ, ನಮ್ಮ ಬೀಗ್ತಿ ಕೊಟ್ಟಿದ್ದೂ ಅದೇ. ಗಂಡಸು ಹೋಗುವಾಗ ಅದನ್ನ ಯಾರೂ ಕೇಳ್ತಿರಲಿಲ್ಲ, ತಾನಾಗೇ ಸಿಗ್ತಿತ್ತು. ಹೆಂಗಸು ಹೊರಟಾಗ ಅದು ಖರ್ಚು ಅಂತ ಎಲ್ಲರ ಕಣ್ಣಿಗೆ ಬೀಳುತ್ತೆ. ಬೀಳಲಿ, ಒಳ್ಳೇದೇ. ಮೂರನೇ ಪಾಲು ವಾಪಸ್ ಬಂದೋರಿಗೆ ಇಲ್ಲಿ ಒಂದು ಮೇಜು, ಒಂದು ಯಂತ್ರ ಇಟ್ಟಿರೋದು. ಪಲ್ಪು ಅವರಿಗೆ ಮೈಸೂರು ಸಂಸ್ಥಾನ ಇಟ್ಟಿತ್ತು, ಖೊರಾನಗೆ ಯಾರೂ ಇಡಲಿಲ್ಲ.

ಹಂಗಾಗಿ ನಿಮ್ಮನೇಲಿ ಮಗಳೋ ಸೊಸೆಯೋ ಇಂಥಾ ಕಾಗದ ತಂದ್ರೆ, ಬ್ಯಾಡ ಅನ್ನೋಕೆ ಮುಂಚೆ ಕೂತು ಮೂರು ವಿಚಾರ ಮಾತಾಡಿ. ದುಡ್ಡು ಯಾವ ಥರದ್ದು, ಯಾವಾಗ ಕೈಗೆ ಬರುತ್ತೆ? ಮನೆ, ಕೂಸು, ವಯಸ್ಸಾದೋರನ್ನ ಯಾರು ಯಾವ ದಿನ ನೋಡ್ಕಂತಾರೆ? ಕಲಿತು ಬಂದ ವಿದ್ಯೆಗೆ ಇಲ್ಲಿ ಬೇಕಾದ ಸಾಮಾನು ಐತಾ, ಇಲ್ಲದಿದ್ರೆ ಹೋಗೋಕೆ ಮುಂಚೆಯೇ ಅದಕ್ಕೆ ಅರ್ಜಿ ಹಾಕಬಹುದಾ? ಮೂರನೇದನ್ನ ಹೋಗೋ ಹುಡುಗಿಯೇ ಬರೆದು ಕೇಳಬೇಕು. ಎರಡನೇದನ್ನ ನಾವು ಹೆಂಗಸರು, ಮನೆ ಗಂಡಸರನ್ನೂ ಕೂರಿಸಿಕೊಂಡು, ತೀರ್ಮಾನ ಮಾಡಬೇಕು.

ನಿಮ್ಮ ಕಡೆ ಯಾರಾದ್ರೂ ಹಿಂಗೆ ಹೋಗಿ ಬಂದಿದ್ರೆ, ಅವರ ಮನೇಲಿ ಹೆಂಗೆ ಸಂಭಾಳಿಸಿದ್ರು ಅಂತ ಬರೀರಿ. ನಿಮ್ಮೂರಿನ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿಲ್ಲದಿದ್ರೆ ಪಂಚಾಯ್ತಿಯಲ್ಲಿ ಕೇಳಿ ಮಾಡಿಸಿ. ಅಲ್ಲೀವರೆಗೂ ಕುಡಿಯೋಕೆ, ಅಡಿಗೆಗೆ ಎರಡಕ್ಕೂ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿ. ಕುಡಿಯೋಕೆ ಮಾತ್ರ ಅದನ್ನಿಟ್ಟು ಬೇಳೆ ಬೇಯಿಸೋಕೆ ಬೋರಿನ ನೀರು ಹಾಕ್ತೀವಲ್ಲ, ಅದೂ ಹೊಟ್ಟೆಗೇ ಹೋಗೋದು ಅಂತ ಮಗಳು ದಿನಾ ಬೈತಾಳೆ.